ಊರಿನ ನಲ್ಲಿಯ ನೀರೂ ಅದರ ಲೆಕ್ಕವೂ

ಬೇಸಿಗೆಯ ರಜೆಗೆಂದು ಮುಂಬಯಿಯಿಂದಲೋ ಪುಣೆಯಿಂದಲೋ ಊರಿಗೆ ಹೊರಡುವ ಕನ್ನಡ ಕುಟುಂಬದ ಸಾಮಾನುಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ವಸ್ತು ಸೇರಿಕೊಂಡಿದೆ. ಅದು ನೀರಿನ ಬಾಟಲಿಗಳ ಪೆಟ್ಟಿಗೆ. ಮನೆಯಿಂದ ಒಯ್ಯದವರು ನಿಲ್ದಾಣದಲ್ಲಿ ಇಳಿದೊಡನೆ ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾರೆ. ಮನೆಯ ಮೆಟ್ಟಿಲು ಹತ್ತಿ ಬಂದ ಮೊಮ್ಮಗನಿಗೆ ಅಜ್ಜಿಯು ತಾಮ್ರದ ಹಂಡೆಯಿಂದ ಒಂದು ಲೋಟ ನೀರು ತುಂಬಿ ಕೊಡಹೋದರೆ, ತಾಯಿ ನಡುವೆ ಬಂದು, ‘ಅವನಿಗೆ ಬೇಡಿ ಅತ್ತೆ, ಅವನದು ಬೇರೆ ಇದೆ’ ಎನ್ನುತ್ತಾಳೆ. ಅಜ್ಜಿ ಆ ಲೋಟವನ್ನು ತಾನೇ ಕುಡಿದು ಸುಮ್ಮನಾಗುತ್ತಾಳೆ. ಎಂಟು ಹತ್ತು ದಿನಗಳಲ್ಲಿ ಕುಟುಂಬವು ಮಹಾನಗರಕ್ಕೆ ಮರಳುತ್ತದೆ; ಹಂಡೆಯ ನೀರು ಅಜ್ಜಿಯ ಪಾಲಿಗೆ ಉಳಿಯುತ್ತದೆ.

ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಊರಿನ ನೀರು ಪಟ್ಟಣದ ಮಕ್ಕಳಿಗೆ ಒಗ್ಗದು ಎಂಬುದು ಎಲ್ಲರೂ ಆಡುವ ಮಾತು. ಆದರೆ ಈ ‘ಒಗ್ಗುವುದು’ ಎಂಬ ಶಬ್ದವೇ ಮೋಸದ್ದು. ಮಲದ ಸೂಕ್ಷ್ಮಾಣುಗಳು ಬೆರೆತ ನೀರು ಯಾರ ಹೊಟ್ಟೆಗೂ ಒಗ್ಗಬೇಕಾದ ವಸ್ತುವಲ್ಲ. ಎಪ್ಪತ್ತೈದರ ವೃದ್ಧೆಗೆ ಬರುವ ವಾಂತಿಭೇದಿ ಐದು ವರ್ಷದ ಬಾಲಕನಿಗೆ ಬರುವುದಕ್ಕಿಂತ ಕಡಿಮೆ ಅಪಾಯದ್ದೂ ಅಲ್ಲ. ಮೊಮ್ಮಗನಿಗೆ ಆಗದ ನೀರು ಅಜ್ಜಿಗೆ ಮಾತ್ರ ಹೇಗೆ ಆದೀತು ಎಂಬ ಪ್ರಶ್ನೆಯನ್ನು ಹೊರನಾಡಿನ ಕನ್ನಡಿಗರು ತಮಗೆ ತಾವೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆ.

ಬಯಲುಸೀಮೆಯ ಸಣ್ಣ ಊರುಗಳಲ್ಲಿ ‘ನೀರು ಬಿಡುವ ದಿನ’ ಎಂಬುದು ಅಮಾವಾಸ್ಯೆ ಹುಣ್ಣಿಮೆಗಳಂತೆ ಪಂಚಾಂಗದಲ್ಲಿ ಸೇರಬೇಕಾದ ತಿಥಿ. ಎಲ್ಲೋ ಮೂರು ದಿನಕ್ಕೊಮ್ಮೆ, ಎಲ್ಲೋ ವಾರಕ್ಕೊಮ್ಮೆ, ಬಿರುಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನೀರು ಬರುತ್ತದೆ. ಬಂದಾಗ ಮನೆಯ ತೊಟ್ಟಿ, ಹಂಡೆ, ಕೊಡ, ಕೊನೆಗೆ ಪಾತ್ರೆಪಗಡಿಗಳೆಲ್ಲ ತುಂಬಬೇಕು. ಜನರು ಇದನ್ನು ನೀರಿನ ಅಭಾವವೆಂದು ಮಾತ್ರ ತಿಳಿಯುತ್ತಾರೆ. ಅದು ನೀರಿನ ಶುದ್ಧಿಯ ಪ್ರಶ್ನೆಯೂ ಹೌದು ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ, ಎಲ್ಲಿಯಾದರೂ ಬಿರುಕಿದ್ದರೆ ಒಳಗಿನ ನೀರು ಹೊರಗೆ ಸೋರುತ್ತದೆ. ಅದು ನಷ್ಟವೇ ಹೊರತು ವಿಷವಲ್ಲ. ನೀರು ನಿಂತು ಕೊಳವೆ ಬರಿದಾದಾಗ ಆಟ ತಿರುಗುಮುರುಗಾಗುತ್ತದೆ. ಇಳಿಜಾರಿನ ಕಡೆಗೆ ನೀರು ಜಾರಿಹೋದಂತೆ ಮೇಲಿನ ಭಾಗದಲ್ಲಿ ಹೀರುವ ಶಕ್ತಿ ಹುಟ್ಟಿ, ಅದೇ ಬಿರುಕಿನಿಂದ ಹೊರಗಿನ ಕೊಳಕು ಒಳಗೆ ಬರುತ್ತದೆ. ಸಣ್ಣ ಊರಿನ ಓಣಿಯಲ್ಲಿ ನಲ್ಲಿಯ ಕೊಳವೆ ಎಲ್ಲಿ ಹಾಯ್ದಿರುತ್ತದೆಂಬುದನ್ನು ಬಲ್ಲವರಿಗೆ ಆ ಕೊಳಕು ಯಾವುದೆಂದು ಹೇಳಬೇಕಾದುದಿಲ್ಲ. ಚರಂಡಿಯಲ್ಲಿಯೇ ಮುಳುಗಿರುವ ಕೊಳವೆಗಳು ಯಾವ ಊರಿನಲ್ಲಿಲ್ಲ? ಮುಂದಿನ ಸರದಿಯಲ್ಲಿ ವಾಲ್ವು ತಿರುಗಿಸಿದಾಗ ಮೊದಲು ಬರುವ ಕಂದುಬಣ್ಣದ ನೀರು ಆ ಅತಿಥಿಯನ್ನೇ ಮನೆಗೆ ತರುತ್ತದೆ. ಮೊದಲ ಕೆಲವು ಕೊಡಗಳನ್ನು ಗಿಡಕ್ಕೆ ಹಾಕುವ ಹಳೆಯ ಗೃಹಿಣಿಯರ ರೂಢಿ ಬುದ್ಧಿವಂತಿಕೆಯದು.

ಇದು ಬರಿಯ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಉಳಿದ ಭಾಗಗಳಲ್ಲಿ ಹಳೆಯಂತೆ ಸರದಿಯ ನೀರು. ಸಂಶೋಧಕರು ಎರಡೂ ಬಗೆಯ ನಲ್ಲಿಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದ ಸಂಪರ್ಕವನ್ನು ಸಾರುವ ಇ. ಕೋಲೈ ಎಂಬ ಸೂಕ್ಷ್ಮಾಣು, ಸತತವಾಗಿ ಹರಿಯುವ ನಲ್ಲಿಗಳ ಮಾದರಿಗಳಲ್ಲಿ ಶೇಕಡಾ 0.7ರಲ್ಲಿ ಮಾತ್ರ ಕಂಡಿತು. ಸರದಿಯ ನಲ್ಲಿಗಳ ಮಾದರಿಗಳಲ್ಲಿ ಶೇಕಡಾ 31.7ರಲ್ಲಿ ಕಂಡಿತು. ಅವಳಿ ನಗರ ಒಂದೇ, ಜನ ಒಂದೇ, ಮಳೆಬಿಸಿಲು ಒಂದೇ. ಅಂತರವಿದ್ದುದು ಕೊಳವೆ ತುಂಬಿದೆಯೋ ಬರಿದಾಗಿದೆಯೋ ಎಂಬುದರಲ್ಲಿ.

ಕೊಳವೆಯ ದೋಷಕ್ಕೆ ಕಾವಲಾಗಿ ನಿಲ್ಲುವ ವಸ್ತು ಕ್ಲೋರಿನ್. ಅದರ ಲೆಕ್ಕಾಚಾರ ವ್ಯಾಪಾರದ ಲೆಕ್ಕದಂತೆಯೇ ಸರಳ. ತೊಟ್ಟಿಯಲ್ಲಿ ಹಾಕಿದ ಕ್ಲೋರಿನ್ ಜಮಾ. ದಾರಿಯಲ್ಲಿ ಎದುರಾದ ಕಲ್ಮಷಗಳನ್ನು ನಾಶಮಾಡಲು ವ್ಯಯವಾದುದು ಖರ್ಚು. ಕೊನೆಯ ನಲ್ಲಿಯನ್ನು ತಲಪಿದಾಗ ಉಳಿದದ್ದು ಶಿಲ್ಕು. ಭಾರತೀಯ ಮಾನಕದ ಪ್ರಕಾರ ಈ ಶಿಲ್ಕು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಶಿಲ್ಕು ಶೂನ್ಯವೆಂದರೆ ಒಂದೋ ಜಮಾ ಆಗಿಲ್ಲ, ಇಲ್ಲವೆ ದಾರಿಯಲ್ಲಿ ಯಾವುದೋ ದೊಡ್ಡ ಖರ್ಚು ಬಂದಿದೆ. ಎರಡೂ ತತ್ಕ್ಷಣ ವಿಚಾರಿಸಬೇಕಾದ ಸಂಗತಿಗಳು. ನೀರು ಕಣ್ಣಿಗೆ ತಿಳಿಯಾಗಿರುವುದರಿಂದಾಗಲಿ ನಾಲಗೆಗೆ ಸಿಹಿಯಾಗಿರುವುದರಿಂದಾಗಲಿ ಈ ಲೆಕ್ಕ ತಿಳಿಯುವುದಿಲ್ಲ. ಅಳೆದು ನೋಡಬೇಕು, ಅಳೆದುದನ್ನು ಬರೆದಿಡಬೇಕು.

ಆದರೆ ಬರೆದಿಟ್ಟ ಮಾತ್ರಕ್ಕೆ ಅಳೆದಂತಾಯಿತೆ? ಇಲ್ಲಿ ದೂರದ ಒಂದು ಸಣ್ಣ ಊರಿನ ಕಥೆಯನ್ನು ಹೇಳಬೇಕಾಗುತ್ತದೆ. ಅಷ್ಟು ದೂರ ಹೋಗುವುದಕ್ಕೆ ಕಾರಣವೆಂದರೆ, ಆ ಊರಿನಲ್ಲಿ ನಡೆದುದನ್ನು ನ್ಯಾಯಮೂರ್ತಿಯೊಬ್ಬರು ಒಂದೊಂದು ದಿನದ ವಿವರವಾಗಿ ವಿಚಾರಿಸಿ ವರದಿ ಮಾಡಿದ್ದಾರೆ. ಕೆನಡಾದ ಒಂಟಾರಿಯೊ ಪ್ರಾಂತದ ವಾಕರ್ಟನ್ ಸುಮಾರು 4,800 ಜನರ ಪಟ್ಟಣ. ಸುತ್ತ ಹೊಲ, ದನಕರುಗಳ ಕೊಟ್ಟಿಗೆ. ನಮ್ಮ ತಾಲ್ಲೂಕಿನ ಊರುಗಳಿಗಿಂತಲೂ ಚಿಕ್ಕದು. ನೀರು ಬರುತ್ತಿದ್ದುದು ಬಾವಿಗಳಿಂದ. 2000ನೆಯ ಇಸವಿಯ ಮೇ ತಿಂಗಳ ಎರಡನೆಯ ವಾರದಲ್ಲಿ ಬಿದ್ದ ಭಾರಿ ಮಳೆಯಿಂದ, ಆಳವಿಲ್ಲದ ಒಂದು ಬಾವಿಗೆ ಪಕ್ಕದ ಹೊಲದ ಸಗಣಿಗೊಬ್ಬರದ ಅಂಶ ಇಳಿಯಿತು. ಹೊಲದ ಒಡೆಯನದು ತಪ್ಪಿರಲಿಲ್ಲ. ಅವನು ನಿಯಮದಂತೆಯೇ ಗೊಬ್ಬರ ಹಾಕಿದ್ದನು. ಕೊಳಕಿನೊಡನೆ ಇ. ಕೋಲೈಯ ಒಂದು ಘೋರ ಪ್ರಭೇದವೂ ಮನೆಮನೆಯ ನಲ್ಲಿಗೆ ಹರಿಯಿತು. 2,300ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಏಳು ಮಂದಿ ಸತ್ತರು.

ಆ ಊರಿನಲ್ಲಿ ಕ್ಲೋರಿನ್ ಇರಲಿಲ್ಲವೆ? ಇತ್ತು. ಯಂತ್ರವಿತ್ತು, ನೌಕರರಿದ್ದರು, ನಿಯಮವಿತ್ತು, ಕಿರ್ದಿ ಪುಸ್ತಕವೂ ಇತ್ತು. ದಿನವೂ ಕ್ಲೋರಿನ್ನಿನ ಶಿಲ್ಕನ್ನು ಅಳೆದು ಆ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ನೌಕರರು ಅಳೆಯುವ ಗೋಜಿಗೆ ಹೆಚ್ಚಿನ ದಿನಗಳಲ್ಲಿ ಹೋಗುತ್ತಿರಲಿಲ್ಲ, 0.5 ಎಂದೋ 0.75 ಎಂದೋ ಅಂದಾಜಿನಿಂದ ಬರೆದುಬಿಡುತ್ತಿದ್ದರು. ಈ ಪರಿಪಾಠ ವರ್ಷಗಟ್ಟಲೆ ನಡೆದಿತ್ತು. ಅವರು ಕಟುಕರಾಗಿದ್ದರೆ ಈ ಕಥೆ ಅಷ್ಟಾಗಿ ಕಾಡುತ್ತಿರಲಿಲ್ಲ. ಬಾವಿಯ ನೀರು ಹುಟ್ಟಿನಿಂದಲೇ ಶುದ್ಧವೆಂದು ಅವರು ನಂಬಿದ್ದರು. ಕ್ಲೋರಿನ್ನಿನ ವಾಸನೆಯೆಂದು ಊರವರು ದೂರುತ್ತಿದ್ದರು. ಕಡಿಮೆ ಹಾಕಿದರೆ ಎಲ್ಲರಿಗೂ ಸಂತೋಷ. ಆ ಸಂಸ್ಕರಿಸದ ನೀರನ್ನು ಅವರು ತಾವೂ ಕುಡಿಯುತ್ತಿದ್ದರು.

ಮೇ 17ರಂದು ಪ್ರಯೋಗಾಲಯದಿಂದ ನೀರು ಕೆಟ್ಟಿದೆ ಎಂಬ ವರದಿ ವ್ಯವಸ್ಥಾಪಕನ ಕೈಸೇರಿತು. ಅನಂತರವೂ ಆರೋಗ್ಯ ಇಲಾಖೆಯವರು ವಿಚಾರಿಸಿದಾಗ ನೀರಿಗೇನೂ ಆಗಿಲ್ಲವೆಂದೇ ಉತ್ತರ ಹೋಯಿತು. ಆಸ್ಪತ್ರೆಗಳು ತುಂಬುತ್ತಿದ್ದುದನ್ನು ಕಂಡು, 21ರಂದು ಆರೋಗ್ಯಾಧಿಕಾರಿಗಳೇ ನೀರನ್ನು ಕುದಿಸಿ ಕುಡಿಯಬೇಕೆಂದು ಸಾರಿದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ನಿರ್ಣಯ ಸ್ಪಷ್ಟವಾಗಿತ್ತು: ಆ ಬಾವಿಯಲ್ಲಿ ಕ್ಲೋರಿನ್ನನ್ನೂ ನೀರಿನ ಬಗ್ಗಡವನ್ನೂ ಸತತವಾಗಿ ಅಳೆಯುವ ಉಪಕರಣಗಳಿದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತು, ದಿನಕ್ಕೊಮ್ಮೆಯಾದರೂ ಪ್ರಾಮಾಣಿಕವಾಗಿ ಅಳೆದಿದ್ದರೆ ಅದು ಇಷ್ಟು ಹಬ್ಬುತ್ತಿರಲಿಲ್ಲ. ಲೆಕ್ಕಪತ್ರದ ಪರಿಚಯವಿರುವವರಿಗೆ ಒಂದು ಸೂಕ್ಷ್ಮ ಕೂಡಲೆ ಹೊಳೆಯುತ್ತದೆ. ದಿನದಿನವೂ ಒಂದೇ ಅಂಕಿ ತೋರಿಸುವ ಕಿರ್ದಿಯನ್ನು ಯಾವ ತಪಾಸಣಾಧಿಕಾರಿಯೂ ನಂಬುವುದಿಲ್ಲ. ನಿಜವಾದ ಲೆಕ್ಕದಲ್ಲಿ ಏರಿಳಿತ ಇದ್ದೇ ಇರುತ್ತದೆ. ವಾಕರ್ಟನ್ನಿನ ಪುಸ್ತಕವನ್ನು ನೋಡಿದವರು ಇದ್ದರು, ಓದಿದವರು ಇರಲಿಲ್ಲ.

ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆ ಬರಗಾಲವಿಲ್ಲ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರಿನಲ್ಲಿಯೂ, 2023ರ ಆಗಸ್ಟಿನ ಸುಮಾರಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಪರಿಹಾರ ಘೋಷಣೆಯಾಯಿತು, ಅಮಾನತುಗಳಾದವು. ಪ್ರತಿಯೊಂದು ಊರಿನ ಕೊನೆಯ ನಲ್ಲಿಯಲ್ಲಿ ಇಂದು ಬೆಳಿಗ್ಗೆ ಶಿಲ್ಕು ಎಷ್ಟಿತ್ತು ಎಂಬ ಅಂಕಿ ಮಾತ್ರ ಊರವರ ಕಣ್ಣಿಗೆ ಬೀಳುವಲ್ಲಿ ಇಂದಿಗೂ ಕಾಣುವುದಿಲ್ಲ. ಪುರಸಭೆಯ ದಾಸ್ತಾನು ಪುಸ್ತಕದಲ್ಲಿ ಬ್ಲೀಚಿಂಗ್ ಪುಡಿಯ ಇಷ್ಟು ಚೀಲ ಖರ್ಚಾಯಿತೆಂದು ಇರಬಹುದು. ಆದರೆ ಬಾಯಿ ತೆರೆದು ತೇವದಲ್ಲಿ ಬಿದ್ದಿದ್ದ ಚೀಲದ ಪುಡಿ ತನ್ನ ಕ್ಲೋರಿನ್ನನ್ನು ಗಾಳಿಗೆ ಬಿಟ್ಟು ಬರಿಯ ಸುಣ್ಣದಂತಾಗಿರುತ್ತದೆ. ಚೀಲದ ಲೆಕ್ಕ ಸರಿಯಾಗಿದ್ದೂ ನೀರಿನ ಲೆಕ್ಕ ತಪ್ಪಿರುವುದು ಹೀಗೆ.

ಇಷ್ಟರಲ್ಲಿ ಐದು ರೂಪಾಯಿಯ ನಾಣ್ಯ ಹಾಕಿ ಇಪ್ಪತ್ತು ಲೀಟರ್ ತುಂಬಿಕೊಳ್ಳುವ ಶುದ್ಧ ನೀರಿನ ಘಟಕಗಳ ಮಾತು ಬರುತ್ತದೆ. ಹೊರನಾಡಿನ ಎಷ್ಟೋ ಮಂದಿ ತಂದೆತಾಯಿಗಳ ಹೆಸರಿನಲ್ಲಿ ಊರಿಗೆ ಇಂಥ ಘಟಕಗಳನ್ನು ದಾನ ಮಾಡಿದ್ದಾರೆ. ಅವರ ಉದ್ದೇಶ ಪ್ರಶಂಸನೀಯ. ಪಾವಗಡದಂಥ ಸೀಮೆಯಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ಮೀರಿ ಹಲ್ಲು ಮೂಳೆಗಳನ್ನು ಕೆಡಿಸುವಲ್ಲಿ, ಈ ಯಂತ್ರಗಳಿಗೆ ನಿಜವಾದ ಕೆಲಸವಿದೆ. ಅಲ್ಲಿ ಕುದಿಸಿದರೆ ನೀರು ಇಂಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾದೀತೇ ವಿನಾ ಹೋಗದು. ಆದರೆ ರೋಗಾಣುವೇ ಶತ್ರುವಾಗಿರುವ ಊರಿನಲ್ಲಿ ಘಟಕವು ಅರ್ಧ ಪರಿಹಾರ. ಯಂತ್ರದಿಂದ ಹೊರಬಂದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತೊಳೆಯದ ಕ್ಯಾನು, ಅದರಲ್ಲಿ ಅದ್ದುವ ಕೈ ಇವು ಮನೆಯಲ್ಲಿಯೇ ಅದನ್ನು ಮತ್ತೆ ಕೆಡಿಸಬಲ್ಲವು. ಇನ್ನೊಂದು ನಷ್ಟವೂ ಉಂಟು. ಊರಿನಲ್ಲಿ ದನಿ ಎತ್ತಬಲ್ಲವರೆಲ್ಲ ಕ್ಯಾನಿನ ನೀರಿಗೆ ಹೋದ ಮೇಲೆ ನಲ್ಲಿಯ ನೀರಿನ ದೂರು ಹೇಳುವವರೇ ಇಲ್ಲವಾಗುತ್ತಾರೆ. ದಿನಗೂಲಿಯವರ ಕೇರಿಯಲ್ಲಿ ನಲ್ಲಿಯ ನೀರನ್ನೇ ಕುಡಿಯುತ್ತಾರೆ. ಅವರ ದೂರು ಪುರಸಭೆಯ ಹೊಸ್ತಿಲು ದಾಟುವುದಿಲ್ಲ.

ಕೈಲಾಗದ ಕೆಲಸವೆಂದು ಬಿಡುವಂತೆಯೂ ಇಲ್ಲ. ಒಡಿಶಾದ ಪುರಿಯಲ್ಲಿ 2021ರ ಜುಲೈಯಿಂದ ನಲ್ಲಿಯ ನೀರನ್ನು ನೇರವಾಗಿ ಕುಡಿಯುವಂತೆ ಹಗಲಿರುಳೂ ಒದಗಿಸುವ ಯೋಜನೆ ಜಾರಿಗೆ ಬಂದಿತು. ರಥಯಾತ್ರೆಗೆ ಲಕ್ಷಾಂತರ ಯಾತ್ರಿಕರು ನೆರೆಯುವ ಊರು ಅದು. ಯಂತ್ರೋಪಕರಣಗಳಿಗಿಂತ ಅಲ್ಲಿ ಮೆಚ್ಚಬೇಕಾದುದು ‘ಜಲಸಾಥಿ’ ಎಂಬ ಏರ್ಪಾಡು. ಸ್ವಸಹಾಯ ಸಂಘಗಳ ಮಹಿಳೆಯರು ಮನೆಮನೆಗೆ ಹೋಗಿ ನೀರಿನ ಬಿಲ್ಲನ್ನು ಕೊಟ್ಟು ಹಣ ವಸೂಲು ಮಾಡುತ್ತಾರೆ. ಅವರೇ ನೀರನ್ನೂ ಪರೀಕ್ಷಿಸುತ್ತಾರೆ. ಹಣ ಕೇಳುವ ಕೈಯೇ ಸರಕಿನ ಗುಣವನ್ನೂ ಗಿರಾಕಿಯ ಮುಂದೆ ಅಳೆದು ತೋರಿಸಬೇಕು ಎಂಬುದು ಎಂಥ ನ್ಯಾಯವಾದ ವ್ಯವಹಾರ! ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ತೆಗೆದು ಹೊಲಹೊಲಕ್ಕೆ ನೀರು ಹಂಚುತ್ತಿದ್ದ ನೀರುಗಂಟಿಯೂ ಇಡೀ ಊರಿಗೆ ಉತ್ತರ ಕೊಡಬೇಕಾದವನಾಗಿದ್ದನು. ಇಂದು ವಾಲ್ವು ತಿರುಗಿಸುವವನು ಹೆಚ್ಚಿನ ಕಡೆ ಗುತ್ತಿಗೆಯ ನೌಕರ. ಅವನ ಕೈಯಲ್ಲಿ ಒಂದು ಕಬ್ಬಿಣದ ಕೀಲಿಯಲ್ಲದೆ ಅಳತೆಯ ಸಾಧನವಿಲ್ಲ.

ಆ ಸಾಧನವು ದುಬಾರಿಯದೂ ಅಲ್ಲ. ಗಾಜಿನ ನಳಿಗೆಯಲ್ಲಿ ನಲ್ಲಿಯ ನೀರು ಹಿಡಿದು ಒಂದು ಗುಳಿಗೆ ಹಾಕಿದರೆ, ಕ್ಲೋರಿನ್ ಇದ್ದಷ್ಟಕ್ಕೆ ಗುಲಾಬಿ ಬಣ್ಣ ಮೂಡುತ್ತದೆ. ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿ ಓದಬಹುದು. ಎರಡು ನಿಮಿಷದ ಕೆಲಸ. ಹೈಸ್ಕೂಲು ಹುಡುಗಿಯೂ ಮಾಡಬಲ್ಲಳು. ರೋಗಾಣುಗಳ ಸುಳಿವಿಗೆ ಬೇರೆ ಸೀಸೆಗಳಿವೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಅದು ಮಲದ ಸಂಪರ್ಕದ ಎಚ್ಚರಿಕೆ. ಮಹಾನಗರದಲ್ಲಿ ನೆಲೆಸಿದ ಕನ್ನಡಿಗರು ಊರಿನ ಗುಡಿಗೆ ಕಮಾನು, ಶಾಲೆಗೆ ಗಡಿಯಾರ ಕೊಡಿಸುತ್ತಲೇ ಬಂದಿದ್ದಾರೆ. ಮುಂದಿನ ರಜೆಗೆ ಹೊರಡುವಾಗ ಬಾಟಲಿಗಳ ಜೊತೆಗೆ ಇಂಥದೊಂದು ಪೆಟ್ಟಿಗೆಯೂ ಬ್ಯಾಗಿನಲ್ಲಿರಲಿ. ಹಂಡೆಗೆ ನೀರು ತುಂಬುವ ದಿನ ಅಜ್ಜಿಯ ಮನೆಯ ನಲ್ಲಿಯಲ್ಲಿಯೂ, ಊರಿನ ಕಟ್ಟಕಡೆಯ ಕೇರಿಯ ನಲ್ಲಿಯಲ್ಲಿಯೂ ಅಳೆದು, ಆ ಎರಡು ಅಂಕಿಗಳನ್ನು ತಾರೀಖಿನೊಡನೆ ಒಂದು ಅರ್ಜಿಯಲ್ಲಿ ಬರೆದು ಪುರಸಭೆಗೆ ಕೊಟ್ಟು ಸ್ವೀಕೃತಿಯ ಮೊಹರು ಪಡೆಯಲಿ. ಅಂದಿನ ಕಿರ್ದಿಯಲ್ಲಿ ಏನೆಂದು ಬರೆದಿದೆ ಎಂದು ಅಲ್ಲಿಯೇ ನಿಂತು ಕೇಳಲಿ. ಅಂಕಿ ಬಂದಿರದ ಮನೆಯಲ್ಲಿ ಅಜ್ಜಿಗಾಗಿ ನೀರನ್ನು ಒಂದು ನಿಮಿಷ ಚೆನ್ನಾಗಿ ಕುದಿಬರಿಸಿ, ಮುಚ್ಚಿ ಆರಿಸಿ, ಹಿಡಿಕೆಯ ಸೌಟಿನಿಂದ ತೆಗೆಯುವ ಏರ್ಪಾಡನ್ನು ಮಾಡಿಯೇ ರೈಲು ಹತ್ತಲಿ.