ಶಿಲಾನ್ಯಾಸಕ್ಕೆ ಹಣವಿದೆ, ಸುಣ್ಣಬಣ್ಣಕ್ಕೆ ಮಾತ್ರ ಬರ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹಳೆಯ ಪುಸ್ತಕದಂಗಡಿಗಳಿಂದಾಗಿ ವಿದ್ಯಾರ್ಥಿಗಳಿಗೆ ಆಪ್ತವಾಗಿದ್ದ ಕಟ್ಟಡ ಅದು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್ 28ರಂದು, ಹತ್ತಿರದಲ್ಲೇ ಇರುವ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಉರುಳಿತು. ಪುಣ್ಯಕ್ಕೆ ಈ ಸಲ ಯಾರೂ ಸಾಯಲಿಲ್ಲ. ಆಮೇಲೆ ಶುರುವಾದದ್ದು ಕೆಡವಬೇಕೋ ಉಳಿಸಬೇಕೋ ಎಂಬ ಜಗಳ. ತಜ್ಞರ ಸಮಿತಿಗಳು ಬಂದವು, ಪರಂಪರೆಯ ಅಭಿಮಾನಿಗಳು ಒಂದು ಮಾತು ಹೇಳಿದರು, ಎಂಜಿನಿಯರುಗಳು ಇನ್ನೊಂದು ಹೇಳಿದರು, ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲು ಹತ್ತಿತು.

ಈ ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆ ಬಿತ್ತು. ಇವು ವಾರಸುದಾರರಿಲ್ಲದ ಕಟ್ಟಡಗಳಾಗಿರಲಿಲ್ಲ. ಎರಡೂ ನಗರಪಾಲಿಕೆಯ ಆಸ್ತಿ. ಮಳಿಗೆಗಳಿದ್ದವು, ಬಾಡಿಗೆದಾರರಿದ್ದರು, ಹೆಚ್ಚೋ ಕಡಿಮೆಯೋ ಬಾಡಿಗೆಯೂ ಇತ್ತು. ಹೀಗೆ ಬರುವ ಬಾಡಿಗೆ ಪಾಲಿಕೆಯ ಒಟ್ಟು ನಿಧಿಗೆ ಸೇರುತ್ತದೆ. ಸಂಬಳ, ವಿದ್ಯುತ್ ಬಿಲ್ಲು, ಹಳೆಯ ಬಾಕಿಗಳ ನಡುವೆ ಅದು ಎಲ್ಲಿ ಕರಗಿತೆಂದು ಯಾರೂ ಹೇಳಲಾರರು. ಗಾರೆಯ ಕಟ್ಟಡ ಹೇಗೆ ಸಾಯುತ್ತದೆ ಎಂಬುದು ಯಾವ ಮೇಸ್ತ್ರಿಗೂ ಗೊತ್ತು. ತಾರಸಿಯ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ತೊಲೆ ಮೆತ್ತಗಾಗುತ್ತದೆ, ಗೋಡೆಯ ಸಂದಿಯಲ್ಲಿ ಅರಳಿ ಸಸಿ ಬೇರು ಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಬಿರುಕು ಮುಚ್ಚಿ, ಸಸಿ ಕಿತ್ತು, ನೀರು ಹೋಗುವ ದಾರಿ ಬಿಡಿಸುವುದು ಸಣ್ಣ ಖರ್ಚು. ಆ ಸಣ್ಣ ಖರ್ಚಿಗೆ ಆಯವ್ಯಯದಲ್ಲಿ ಜಾಗವಿರುವುದಿಲ್ಲ. ಕುಸಿದ ಮೇಲೆ ಮಾತ್ರ ಕೋಟಿಗಳ ಮಾತು ಶುರುವಾಗುತ್ತದೆ.

ನಾನು ಹೇಳಬೇಕಾದದ್ದು ಇಷ್ಟೇ: ನಮ್ಮ ನಗರಗಳಲ್ಲಿ ದುರಸ್ತಿಯೆಂಬುದು ಮಿಕ್ಕಿದ ಹಣದಲ್ಲಿ ಮಾಡುವ ಕೆಲಸವಾಗಿದೆ, ಮಿಗುವುದಂತೂ ಏನೂ ಇಲ್ಲ. ಹೊಸದನ್ನು ಮಂಜೂರು ಮಾಡುವ ಆದೇಶದಲ್ಲೇ ಅದನ್ನು ನೋಡಿಕೊಳ್ಳುವ ಹಣವನ್ನೂ ಬೇರೆ ಖಾತೆಯಲ್ಲಿ ಎತ್ತಿಡದಿದ್ದರೆ, ಎಷ್ಟು ಅನುದಾನ ಬಂದರೂ ಪರಿಸ್ಥಿತಿ ಬದಲಾಗದು.

ಯಾಕೆ ಹೀಗಾಗುತ್ತದೆ? ಮೊದಲ ಕಾರಣ ಹಣ ಬರುವ ದಾರಿ. ಕೇಂದ್ರದ ಯೋಜನೆಗಳು, ವಿದೇಶಿ ಸಾಲ, ಬಾಂಡು, ಶಾಸಕರ ಅನುದಾನ, ಎಲ್ಲವೂ ಬಹುಮಟ್ಟಿಗೆ ಬಂಡವಾಳ ವೆಚ್ಚಕ್ಕೆ, ಅಂದರೆ ಹೊಸದಾಗಿ ಕಟ್ಟುವುದಕ್ಕೆ. ನೋಡಿಕೊಳ್ಳುವುದು ರಾಜಸ್ವ ವೆಚ್ಚ. ಅದು ಊರಿನ ಸ್ವಂತ ಆದಾಯದಿಂದಲೇ ಬರಬೇಕು. ಎತ್ತು ಕೊಳ್ಳಲು ಸಾಲ ಸಿಗುತ್ತದೆ, ಮೇವಿಗೆ ಸಿಗುವುದಿಲ್ಲ. ಇಶರ್ ಜಡ್ಜ್ ಅಹ್ಲುವಾಲಿಯಾ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2011ರಲ್ಲೇ ಇದರ ಲೆಕ್ಕ ಹಾಕಿತ್ತು. 2012ರಿಂದ 2031ರವರೆಗೆ ದೇಶದ ನಗರಗಳಲ್ಲಿ ಮೂಲಸೌಕರ್ಯ ಕಟ್ಟಲು 39.2 ಲಕ್ಷ ಕೋಟಿ ರೂಪಾಯಿ ಬೇಕು, ಜೊತೆಗೆ ಅವನ್ನು ನಡೆಸಿ ನೋಡಿಕೊಳ್ಳಲು 19.9 ಲಕ್ಷ ಕೋಟಿ ಬೇಕು ಎಂದಿತ್ತು. ಎಂದರೆ ಕಟ್ಟುವ ಪ್ರತಿ ಎರಡು ರೂಪಾಯಿಗೆ ನೋಡಿಕೊಳ್ಳಲು ಒಂದು ರೂಪಾಯಿ. ಮೊದಲನೆಯ ಅಂಕಿಯನ್ನು ಎಲ್ಲ ಭಾಷಣಕಾರರೂ ಎತ್ತಿಕೊಂಡರು. ಎರಡನೆಯದು ವರದಿಯಲ್ಲೇ ಉಳಿಯಿತು.

ಸ್ಮಾರ್ಟ್ ಸಿಟಿ ಯೋಜನೆಯನ್ನೇ ನೋಡಿ. 2015ರಲ್ಲಿ ಶುರುವಾಗಿ 2025ರ ಮಾರ್ಚ್ 31ಕ್ಕೆ ಮುಗಿದ ಈ ಯೋಜನೆಯಲ್ಲಿ ಕರ್ನಾಟಕದ ಏಳು ನಗರಗಳಿದ್ದವು: ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರು, ಬೆಂಗಳೂರು. ರಸ್ತೆಗಳಾದವು, ಉದ್ಯಾನಗಳಾದವು, ಗೋಡೆ ತುಂಬ ಪರದೆಗಳಿರುವ ಕಮಾಂಡ್ ಸೆಂಟರುಗಳಾದವು. ಯೋಜನೆ ಮುಗಿದರೂ ಪರದೆ ಉರಿಯುತ್ತಿರಬೇಕು, ಕ್ಯಾಮೆರಾ ಕೆಟ್ಟರೆ ಬದಲಿಸಬೇಕು, ಸಾಫ್ಟ್‌ವೇರಿಗೆ ಪ್ರತಿವರ್ಷ ಹಣ ಕಟ್ಟಬೇಕು. ಆ ಬಿಲ್ಲು ಈಗ ಬಂದು ಬೀಳುವುದು ಪೌರಕಾರ್ಮಿಕರ ಸಂಬಳ ಹೊಂದಿಸಲೇ ಹೆಣಗುವ ಪಾಲಿಕೆಯ ಮೇಜಿನ ಮೇಲೆ. ಉಡುಗೊರೆ ಕೊಟ್ಟವರು ಖರ್ಚಿನ ಚೀಟಿಯನ್ನೂ ಜೊತೆಗಿಟ್ಟು ಹೋದರು.

ಎರಡನೆಯ ಕಾರಣ ರಾಜಕೀಯ. ಗುದ್ದಲಿ ಪೂಜೆಗೆ ಫೋಟೊ ಇದೆ, ಫಲಕದಲ್ಲಿ ಹೆಸರಿದೆ. ಚರಂಡಿಯ ಹೂಳೆತ್ತಿಸಿದವರ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ. 2024ರ ಆಗಸ್ಟಿನಲ್ಲಿ ಮೂರೇ ದಿನಗಳ ಅಂತರದಲ್ಲಿ ರಾಜ್ಯ ಎರಡು ಪಾಠ ಕಲಿಯಬೇಕಿತ್ತು. 7ರಂದು ಕಾರವಾರದಲ್ಲಿ ಕಾಳಿ ನದಿಯ ಮೇಲಿನ ನಾಲ್ಕು ದಶಕದ ಹಳೆಯ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿಕೊಂಡ. 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು, ಹತ್ತಾರು ಟಿಎಂಸಿ ಅಡಿ ನೀರು ಹರಿದುಹೋಯಿತು. ವಾರದೊಳಗೆ ಕೊಚ್ಚಿಹೋದ ಗೇಟಿನ ಜಾಗದಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿದ ತಂತ್ರಜ್ಞರನ್ನೂ ಕಾರ್ಮಿಕರನ್ನೂ ನಾಡು ಕೊಂಡಾಡಿತು, ಅದಕ್ಕೆ ಅವರು ಅರ್ಹರೇ. ಆದರೆ ಉಳಿದ 32 ಗೇಟುಗಳ ಸರಪಳಿಗೆ ಕಾಲಕಾಲಕ್ಕೆ ಗ್ರೀಸು ಹಚ್ಚಿ, ಸವೆದ ಕೊಂಡಿ ಗುರುತಿಸುವ ಕೆಲಸದವನಿಗೆ ಯಾರಾದರೂ ಶಾಲು ಹೊದಿಸಿದ್ದುಂಟೆ?

ಹಾಗಾದರೆ ಹಣ ಎಲ್ಲಿಂದ ಬರಬೇಕು? ಊರಿನ ಸ್ವಂತ ಆದಾಯದಿಂದ. ಅದು ಎಷ್ಟು ಕ್ಷೀಣವಾಗಿದೆ ಎಂದರೆ, ರಿಸರ್ವ್ ಬ್ಯಾಂಕು 2024ರ ನವೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ಮಹಾನಗರ ಪಾಲಿಕೆಗಳ ರಾಜಸ್ವ ಆದಾಯವನ್ನೆಲ್ಲ ಕೂಡಿಸಿದರೂ ಜಿಡಿಪಿಯ ಶೇ 0.6ರಷ್ಟು. ಊರೊಳಗೆ ಬರುವ ಸರಕಿನ ಮೇಲಿನ ಸುಂಕವಾದ ಆಕ್ಟ್ರಾಯ್ ಅನ್ನು ಕರ್ನಾಟಕ 1979ರಲ್ಲಿ ರದ್ದು ಮಾಡಿದಾಗ ಲಾರಿಯವರು ನಿಟ್ಟುಸಿರು ಬಿಟ್ಟದ್ದು ನ್ಯಾಯವೇ. ಆದರೆ ಊರಿನ ಬಾಗಿಲಲ್ಲಿ ದಿನಾ ಬೀಳುತ್ತಿದ್ದ ಕಾಸು ನಿಂತು, ನಗರಸಭೆಗಳು ವಿಧಾನಸೌಧದ ಅನುದಾನದ ಕಡೆ ಮುಖ ಮಾಡಿದವು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ನಗರಸಭೆಗಳಿಗೆ 18 ಹೊಣೆಗಳ ಪಟ್ಟಿ ಕೊಟ್ಟಿತು; ಹೊಣೆಗೆ ತಕ್ಕ ಕಾಸಿನ ಪಟ್ಟಿ ಕೊಡಲಿಲ್ಲ.

ಉಳಿದದ್ದು ಕಂದಾಯ, ಅಂದರೆ ಆಸ್ತಿ ತೆರಿಗೆ. ಬೆಂಗಳೂರು 2008ರಲ್ಲಿ ಪ್ರದೇಶವಾರು ದರದ ಸ್ವಯಂ ಘೋಷಣಾ ಪದ್ಧತಿಗೆ ಬಂತು. ಕಟ್ಟುವವನೇ ಲೆಕ್ಕ ಹಾಕಿ ಕಟ್ಟುವ ಈ ಪದ್ಧತಿ ಆದಾಯವನ್ನು ನಿಜಕ್ಕೂ ಹೆಚ್ಚಿಸಿತು, 2024-25ರಲ್ಲಿ ಬಿಬಿಎಂಪಿ ಸುಮಾರು 4,900 ಕೋಟಿ ರೂಪಾಯಿ ಸಂಗ್ರಹಿಸಿತು. ಆದರೆ ದರ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ಯಾವುದಾದರೊಂದು ಚುನಾವಣೆ ಅಡ್ಡ ಬರುತ್ತದೆ. ರಾಜ್ಯದ ಜಿಡಿಪಿ ಬೆಳೆದ ವೇಗದಲ್ಲಾದರೂ ಆಸ್ತಿ ತೆರಿಗೆ ಬೆಳೆದರೆ ಮಾತ್ರ ಅನುದಾನ ಎಂದು 15ನೇ ಹಣಕಾಸು ಆಯೋಗ ಷರತ್ತು ಹಾಕಿದ್ದು ಈ ರೋಗವನ್ನು ಕಂಡೇ.

ನೀರಿನ ದರದ ಕಥೆ ಇನ್ನೂ ಸ್ಪಷ್ಟ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪುಗಳ ಹೆಗಲೇರಿ. ವಿದ್ಯುತ್ ದರ ಏರುತ್ತಲೇ ಹೋಯಿತು. ಜಲಮಂಡಳಿಯ ದರ ಮಾತ್ರ 2014ರಿಂದ 2025ರ ಏಪ್ರಿಲ್‌ವರೆಗೆ ನಿಂತಲ್ಲೇ ನಿಂತಿತ್ತು. ಈ ಹನ್ನೊಂದು ವರ್ಷ ಜನರಿಗೆ ಉಳಿತಾಯವಾಯಿತೆಂದು ಯಾರಾದರೂ ತಿಳಿದರೆ ಅದು ಭ್ರಮೆ. ವಿದ್ಯುತ್ ಬಿಲ್ಲನ್ನು ಮುಂದೂಡಲಾಗದು, ಸಂಬಳವನ್ನೂ ಮುಂದೂಡಲಾಗದು. ಮುಂದೂಡಬಹುದಾದದ್ದು ಹಳೆಯ ಕೊಳವೆ ಬದಲಿಸುವ ಕೆಲಸ ಒಂದೇ. ಉಳಿಸಿದ ಕಾಸು ಸೋರುವ ಕೊಳವೆಯಲ್ಲಿ ಹರಿದುಹೋಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಟ್ಟಾಗ ಕಂಡದ್ದು ಇದರ ಇನ್ನೊಂದು ಮುಖ: ಹಳೆಯ ಕೊಳವೆ ಬದಲಿಸಿ, ಮನೆಮನೆಗೆ ಮೀಟರು ಕೂರಿಸಿ, ಸೋರಿಕೆ ನಿಲ್ಲಿಸಿದರೆ ಇರುವ ನೀರೇ ಸಾಕಾಗುತ್ತದೆ. ಹತ್ತು ವರ್ಷಕ್ಕೊಮ್ಮೆ ಹೊಡೆತ ಕೊಡುವುದಕ್ಕಿಂತ ವರ್ಷಕ್ಕೆ ಶೇ 3ರಂತೆ ಸದ್ದಿಲ್ಲದೆ ಏರುವ ದರ ಜನರಿಗೂ ಹಗುರ, ಮಂಡಳಿಗೂ ಭರವಸೆ.

ಇಲ್ಲಿ ಓದುಗರು ಕೇಳುವ ಮಾತು ನನಗೆ ಗೊತ್ತು. ತೆರಿಗೆ ಕಟ್ಟಲು ಅಡ್ಡಿಯಿಲ್ಲ, ಆದರೆ ಕಟ್ಟಿದ ಹಣ ಎಲ್ಲಿ ಹೋಗುತ್ತದೆ? ಈ ಅನುಮಾನಕ್ಕೆ ಆಧಾರ ನಮ್ಮ ಕಂದಾಯದ ರಸೀದಿಯಲ್ಲೇ ಇದೆ. ಆಸ್ತಿ ತೆರಿಗೆಯ ಮೇಲೆ ಶೇ 15 ಆರೋಗ್ಯ ಕರ, ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ ಸೇರಿಸಿ ಕಟ್ಟುತ್ತೇವೆ. ಗ್ರಂಥಾಲಯ ಕರ ಗ್ರಂಥಾಲಯಕ್ಕೇ ಸೇರಬೇಕಾದ ಹಣ. ಅದನ್ನು ನಮ್ಮಿಂದ ಪಡೆದ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಡದೆ ಬಾಕಿ ಉಳಿಸಿಕೊಳ್ಳುವುದು ವರ್ಷಗಳಿಂದ ಕೇಳಿಬರುತ್ತಿರುವ ದೂರು. ಹೆಸರಿಟ್ಟು ವಸೂಲು ಮಾಡಿದ ಹಣಕ್ಕೇ ಈ ಗತಿಯಾದರೆ ಹೆಸರಿಲ್ಲದ ದುರಸ್ತಿ ಹಣದ ಗತಿ ಏನು? ಆದ್ದರಿಂದ ಇನ್ನೊಂದು ಸೆಸ್ ಹಾಕಿ ಎಂದು ನಾನು ಹೇಳುತ್ತಿಲ್ಲ. ಇರುವ ಆದಾಯದಲ್ಲೇ ಒಂದು ಪಾಲು ಪಾಲಿಕೆಯ ಕೈ ತಾಗುವ ಮೊದಲೇ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು. ಆಯವ್ಯಯದಲ್ಲಿ ಬರೆದ ಶೀರ್ಷಿಕೆ ಯಾರನ್ನೂ ಕಟ್ಟಿಹಾಕುವುದಿಲ್ಲ.

ಇದರಾಚೆಗೂ ಒಂದು ಗಟ್ಟಿ ಆಕ್ಷೇಪವಿದೆ. ದುರಸ್ತಿಯೇ ಕಳ್ಳಬಿಲ್ಲುಗಳ ತವರು. ಹೊಸ ಸೇತುವೆ ಕಟ್ಟದೆ ಬಿಲ್ಲೆತ್ತುವುದು ಕಷ್ಟ. ಎತ್ತದ ಹೂಳಿಗೆ, ಮುಚ್ಚದ ಗುಂಡಿಗೆ ಬಿಲ್ಲೆತ್ತುವುದು ಸುಲಭ, ಒಂದು ಮಳೆ ಬಂದರೆ ಸಾಕ್ಷ್ಯವೂ ಇರುವುದಿಲ್ಲ. ಇದು ನಿಜ. ಹೀಗಾಗಿ ಖಾತೆಯ ಜೊತೆಗೆ ದಾಖಲೆಯೂ ಬೇಕು: ಊರಿನ ಪ್ರತಿ ಸೇತುವೆ, ಮಾರುಕಟ್ಟೆ, ಶೌಚಾಲಯ, ಪಂಪ್‌ಹೌಸಿಗೆ ಒಂದು ಪುಟ, ಅದರಲ್ಲಿ ಮುಂಗಾರಿಗೆ ಮುಂಚಿನ ತಪಾಸಣೆಯ ತಾರೀಕು, ಕಂಡ ದೋಷ, ಮಾಡಿದ ಕೆಲಸ, ಮಾಡಿದವರ ಸಹಿ. ಕೆಲಸದ ಮೊದಲಿನ ಮತ್ತು ನಂತರದ ಫೋಟೊ ಇಲ್ಲದೆ, ವಾರ್ಡ್ ಸಮಿತಿ ನೋಡಿ ಒಪ್ಪದೆ ಬಿಲ್ಲು ಪಾಸಾಗಬಾರದು.

ದರ ಏರಿಕೆ ಬಡವರ ಮೇಲೆ ಬೀಳುತ್ತದೆ ಎಂಬ ಕಳವಳವೂ ಸಣ್ಣದಲ್ಲ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ದರ ಇಡುವುದೇ ದಾರಿ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಬಂದ ಕಸದ ಶುಲ್ಕ 600 ಚದರಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ಮೀರಿದ್ದಕ್ಕೆ 400. ಮಾರುಕಟ್ಟೆಯ ಬಾಡಿಗೆಯನ್ನೂ ಹೀಗೆಯೇ ನಿಗದಿ ಮಾಡಬಹುದು: ಬುಟ್ಟಿ ಇಟ್ಟು ಹೂ ಮಾರುವವಳಿಗೂ ಮೂರು ಮಳಿಗೆ ಹಿಡಿದು ಒಳಬಾಡಿಗೆಗೆ ಕೊಟ್ಟವನಿಗೂ ಒಂದೇ ದರ ಇರಬೇಕಿಲ್ಲ. ಹಾಳುಬಿದ್ದ ಊರಿನ ಬಿಲ್ಲನ್ನು ಕೊನೆಗೆ ತೆರುವವರೂ ಬಡವರೇ. ನಲ್ಲಿ ನಿಂತರೆ ಉಳ್ಳವರು ಟ್ಯಾಂಕರ್ ತರಿಸುತ್ತಾರೆ, ಇಲ್ಲದವರು ಕೊಡ ಹಿಡಿದು ಕೂಲಿ ಕಳೆದುಕೊಳ್ಳುತ್ತಾರೆ. ಬಸ್ ನಿಲ್ದಾಣದ ಶೌಚಾಲಯಕ್ಕೆ ಬೀಗ ಬಿದ್ದರೆ ಕಾರಿನಲ್ಲಿ ಓಡಾಡುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಕಟ್ಟುವಾಗಲೇ ನೋಡಿಕೊಳ್ಳುವ ಖರ್ಚನ್ನೂ ಬರೆದಿಡುವ ಶಿಸ್ತು ನಮಗೆ ಅಪರಿಚಿತವೇನಲ್ಲ. ಟೋಲ್ ವಸೂಲಿಯ ಖಾಸಗಿ ಹೆದ್ದಾರಿಯ ಒಪ್ಪಂದ ತೆರೆದು ನೋಡಿ: ಎಷ್ಟು ವರ್ಷಕ್ಕೊಮ್ಮೆ ಡಾಂಬರಿನ ಹೊಸ ಪದರ, ಯಾರ ಖರ್ಚಿನಲ್ಲಿ ದೀಪ, ಎಲ್ಲವೂ ಸಹಿ ಬೀಳುವ ಮೊದಲೇ ಬರೆದಿರುತ್ತದೆ. ಸ್ವಂತ ಹಣ ಹಾಕುವವರು ನಾಳಿನ ಖರ್ಚನ್ನು ಇಂದೇ ಕೇಳುತ್ತಾರೆ. ಸಾರ್ವಜನಿಕರ ಹಣ ಹಾಕುವಾಗ ಮಾತ್ರ ಆ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಕೇಳಬೇಕಾದವರೇ ಇಲ್ಲದಿದ್ದದ್ದೂ ಇದಕ್ಕೆ ಕಾರಣ. ಬಿಬಿಎಂಪಿ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮತ್ತೆ ಚುನಾವಣೆಯಾಗದೆಯೇ 2025ರಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆಯಿತು. ಬೀದಿದೀಪ ಉರಿಯದಿದ್ದರೆ ಶಾಪ ಹಾಕಿಸಿಕೊಳ್ಳುವ ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ದುರಸ್ತಿಗೆ ವಕಾಲತ್ತು ಮಾಡುವವರು ಯಾರು? ಆಡಳಿತಾಧಿಕಾರಿಗೆ ಸರ್ಕಾರದ ಕಡತ ಮುಖ್ಯ, ಸರ್ಕಾರಕ್ಕೆ ದೊಡ್ಡ ಯೋಜನೆ ಮುಖ್ಯ.

ಐದು ಹೊಸ ಪಾಲಿಕೆಗಳಿಗೆ ಹಳೆಯ ಆಸ್ತಿ, ಹಳೆಯ ಸಾಲ ಬಂದಿವೆ, ಆದರೆ ಲೆಕ್ಕದ ಪುಸ್ತಕ ಹೊಸದು. ಇದೇ ಸಮಯದಲ್ಲಿ ಮೂರು ನಿಯಮ ಸೇರಿಸಿಕೊಳ್ಳಲಿ, ಮೈಸೂರು, ದಾವಣಗೆರೆ, ಕಲಬುರಗಿಗಳೂ ಅನುಸರಿಸಲಿ. ಮಾರುಕಟ್ಟೆಯ ಬಾಡಿಗೆಯಲ್ಲಿ ನಿಗದಿತ ಪಾಲು ಆ ಮಾರುಕಟ್ಟೆಯ ದುರಸ್ತಿ ಖಾತೆಗೇ ಹೋಗಲಿ, ಖಾತೆಯ ಬಾಕಿ ಮಾರುಕಟ್ಟೆಯ ಬಾಗಿಲಲ್ಲಿ ಬರೆದಿರಲಿ. ಕಂದಾಯ ಮತ್ತು ನೀರಿನ ದರ ವರ್ಷಕ್ಕೊಮ್ಮೆ ಚಿಕ್ಕದಾಗಿ ಏರಲಿ, ಏರಿದ್ದು ಎಲ್ಲಿ ಖರ್ಚಾಯಿತೆಂದು ವಾರ್ಡುವಾರು ಪ್ರಕಟವಾಗಲಿ. ಮೂರನೆಯದೇ ಮುಖ್ಯ: ಮುಂದಿನ ಹತ್ತು ವರ್ಷ ನೋಡಿಕೊಳ್ಳಲು ಎಷ್ಟು ಬೇಕು, ಅದು ಯಾವ ಆದಾಯದಿಂದ ಬರುತ್ತದೆ ಎಂಬ ಎರಡು ಸಾಲಿಲ್ಲದ ಅಂದಾಜು ಪಟ್ಟಿಗೆ ಆಯುಕ್ತರು ಸಹಿ ಹಾಕಬಾರದು. ಹೀಗೆ ಮಾಡಿದರೆ ಶಿಲಾನ್ಯಾಸಗಳು ಕಡಿಮೆಯಾಗುತ್ತವೆ. ಆಗಲಿ. ಕಟ್ಟಿದ್ದನ್ನು ಉಳಿಸಿಕೊಳ್ಳಲಾಗದ ಊರಿಗೆ ಇನ್ನೊಂದನ್ನು ಕಟ್ಟುವ ಹಕ್ಕಿಲ್ಲ.