ಮಾಡ್ಯೂಲ್ ಎಂಬ ಮುಂದೂಡಿಕೆ

ಲಿನಕ್ಸ್ ಕರ್ನಲ್ಲನ್ನು ಸ್ವತಃ ಕಂಪೈಲ್ ಮಾಡಲು ಕೂತವರ ಮುಂದೆ ಒಂದು ಮೆನು ತೆರೆದುಕೊಳ್ಳುತ್ತದೆ. ಈ ನೆಟ್‌ವರ್ಕ್ ಕಾರ್ಡು ಬೇಕೇ, ಆ ಸೌಂಡ್ ಚಿಪ್ಪು ಬೇಕೇ ಎಂದು ಸಾವಿರಗಟ್ಟಲೆ ಪ್ರಶ್ನೆಗಳು. ಬಹುತೇಕ ಡ್ರೈವರ್‌ಗಳಿಗೆ ಮೂರೇ ಉತ್ತರ: ‘ವೈ’ ಎಂದರೆ ಕರ್ನಲ್ಲಿನೊಳಗೇ ಸೇರಿಸು, ‘ಎನ್’ ಎಂದರೆ ಬೇಡ, ‘ಎಂ’ ಎಂದರೆ ಮಾಡ್ಯೂಲ್ ಆಗಿ ಬೇರೆ ಕಡತದಲ್ಲಿಡು, ಬೇಕಾದಾಗ ಲೋಡ್ ಮಾಡಿಕೊಳ್ಳೋಣ. ಮೊದಲೆರಡು ತೀರ್ಮಾನಗಳು, ಮೂರನೆಯದು ತೀರ್ಮಾನವನ್ನು ಮುಂದಕ್ಕೆ ಹಾಕುವುದು. ಯಾವುದು ವೇಗ, ಯಾವುದಕ್ಕೆ ಮೆಮೊರಿ ಕಡಿಮೆ ಎಂದು ಜನ ವಾದಿಸುತ್ತಾರೆ. ಇವತ್ತಿನ ಯಂತ್ರಗಳಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದು ಅಪರೂಪ. ಕರ್ನಲ್ಲಿನೊಳಗೆ ಏನಿರಬೇಕೆಂದು ಯಾರು ನಿರ್ಧರಿಸುತ್ತಾರೆ, ಯಾವಾಗ ನಿರ್ಧರಿಸುತ್ತಾರೆ ಎಂಬುದರ ಮೇಲೆ ಜಗಳವಾಡಿದರೆ ಅರ್ಥವಿದೆ.

ಮುಂದೂಡುವುದಕ್ಕೆ ಒಳ್ಳೆಯ ಕಾರಣವೇ ಇತ್ತು. 1991ರಲ್ಲಿ ಲಿನುಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಕರ್ನಲ್ ಬರೆದಾಗ ಎದುರಿಗಿದ್ದದ್ದು ಅವರದೇ 386 ಯಂತ್ರ; ಅದರ ಡಿಸ್ಕು, ಕೀಬೋರ್ಡು ಯಾವುದೆಂದು ಅವರಿಗೆ ಗೊತ್ತಿತ್ತು. ಡೆಬಿಯನ್ ಅಥವಾ ಉಬುಂಟುವಿನಂಥ ಲಿನಕ್ಸ್ ವಿತರಣೆಗಳನ್ನು ಸಿದ್ಧಪಡಿಸುವವರಿಗೆ ಆ ಭಾಗ್ಯವಿಲ್ಲ. ಅವರ ಕರ್ನಲ್ ಯಾರ ಲ್ಯಾಪ್‌ಟಾಪಿಗೆ ಹೋಗುತ್ತದೋ ಬಲ್ಲವರಾರು? 1995ರಲ್ಲಿ ಬಂದ 1.2 ಆವೃತ್ತಿಯಲ್ಲಿ ಮಾಡ್ಯೂಲ್ ಸೌಲಭ್ಯ ಸಿಕ್ಕಿತು. ಈಗಂತೂ ಯುಎಸ್‌ಬಿ ಕ್ಯಾಮೆರಾ ಚುಚ್ಚಿದರೆ ಅದು ತನ್ನ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆಗಳನ್ನು ಹೇಳಿಕೊಳ್ಳುತ್ತದೆ; ಆ ಸಂಖ್ಯೆಗೆ ಹೊಂದುವ ಮಾಡ್ಯೂಲನ್ನು ಪಟ್ಟಿಯಲ್ಲಿ ಹುಡುಕಿ, ಅದು ನೆಚ್ಚಿಕೊಂಡಿರುವ ಇತರ ಮಾಡ್ಯೂಲ್‌ಗಳ ಸಮೇತ ಮಾಡ್‌ಪ್ರೋಬ್ ಎಂಬ ಪ್ರೋಗ್ರಾಂ ಒಳಗೆ ತರುತ್ತದೆ. ಬಳಸುವವರಿಗೆ ಇಷ್ಟೆಲ್ಲ ನಡೆದದ್ದೇ ತಿಳಿಯುವುದಿಲ್ಲ.

ಆದರೆ ಮುಂದೂಡಿದ್ದಕ್ಕೆ ಬಡ್ಡಿಯುಂಟು. ಡಿಸ್ಕಿನ ಡ್ರೈವರ್ ಡಿಸ್ಕಿನಲ್ಲೇ ಮಾಡ್ಯೂಲ್ ಆಗಿ ಕೂತಿದ್ದರೆ ಅದನ್ನು ಓದಲು ಅದೇ ಡ್ರೈವರ್ ಬೇಕು! ಈ ತೊಡಕಿನಿಂದ ಪಾರಾಗಲು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ತಾತ್ಕಾಲಿಕ ಕಡತವ್ಯವಸ್ಥೆಯನ್ನು ಬೂಟ್‌ಲೋಡರ್ ಕರ್ನಲ್ಲಿನ ಜೊತೆಗೇ ಮೆಮೊರಿಗೆ ತುಂಬುತ್ತದೆ. ಅಗತ್ಯವಾದ ಮಾಡ್ಯೂಲ್ ಅದರಲ್ಲಿಲ್ಲದೆ ಹೋದರೆ ರೂಟ್ ಡಿಸ್ಕ್ ಸಿಗದೆ ಯಂತ್ರ ಅಲ್ಲೇ ನಿಲ್ಲುತ್ತದೆ. ರೂಟ್ ಡಿಸ್ಕು, ಅದರ ಫೈಲ್‌ಸಿಸ್ಟಮ್ ಇವೆರಡಕ್ಕೆ ‘ವೈ’ ಎಂದವರಿಗೆ ಎಷ್ಟೋ ವೇಳೆ ಈ ತಲೆನೋವೇ ಇಲ್ಲ.

ಇನ್ನೊಂದು ಭ್ರಮೆಯನ್ನು ಕೊಂಚ ಜೋರಾಗಿಯೇ ಅಲ್ಲಗಳೆಯಬೇಕು. ಬೇರೆ ಕಡತದಲ್ಲಿದೆ, ಆದ್ದರಿಂದ ಮಾಡ್ಯೂಲ್ ಕೆಟ್ಟರೂ ಕರ್ನಲ್ ಕ್ಷೇಮ ಎಂದು ನಂಬಿದವರಿದ್ದಾರೆ. ಮಾಡ್ಯೂಲ್ ಔಟ್‌ಹೌಸಿನ ಬಾಡಿಗೆದಾರನಲ್ಲ. ಹೊಸ್ತಿಲು ದಾಟಿದ ಮೇಲೆ ಎಲ್ಲ ಕೋಣೆಗಳ ಬೀಗದ ಕೈಯೂ ಅದರ ಸೊಂಟದಲ್ಲೇ. ಕರ್ನಲ್ಲಿನ ಮೆಮೊರಿಯಲ್ಲಿ ಅದು ಎಲ್ಲಿ ಬೇಕಾದರೂ ಬರೆಯಬಲ್ಲದು. ನಿಜವಾದ ಗೋಡೆ ಬೇಕಿದ್ದರೆ ಆಂಡ್ರ್ಯೂ ಟನೆನ್‌ಬಾಮ್ 1992ರಲ್ಲಿ ಟೊರ್ವಾಲ್ಡ್ಸ್ ಜೊತೆಗಿನ ವಾದದಲ್ಲಿ ಎತ್ತಿಹಿಡಿದ ಮೈಕ್ರೋಕರ್ನಲ್ ದಾರಿ ಹಿಡಿಯಬೇಕು. ಟನೆನ್‌ಬಾಮ್ ಅವರ ಮಿನಿಕ್ಸ್ 3 ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಡ್ರೈವರ್‌ಗಳು ಸಾಮಾನ್ಯ ಪ್ರಾಸೆಸ್‌ಗಳಂತೆ ಓಡುತ್ತವೆ, ಸತ್ತರೆ ಮತ್ತೆ ಎಬ್ಬಿಸಬಹುದು. ಲಿನಕ್ಸ್ ಆ ದಾರಿ ಹಿಡಿಯಲಿಲ್ಲ. ಕರ್ನಲ್ಲಿನೊಳಗೆ ಓಡುವ ಡ್ರೈವರ್ ಎಡವಿದರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ವಿಂಡೋಸ್ ಲೋಕ ಕಂಡಿತು: ಕ್ರೌಡ್‌ಸ್ಟ್ರೈಕ್ ಕಂಪನಿಯ ಡ್ರೈವರ್ ಒಂದು ದೋಷಪೂರ್ಣ ದತ್ತಾಂಶ ಕಡತವನ್ನು ಓದಿ ಬಿದ್ದು, ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ಜೊತೆಗೆ ಕೆಡವಿತು. ಅಲ್ಲಿ ಡ್ರೈವರ್ ಬೇರೆ ಕಡತವಾಗಿದ್ದದ್ದು ಯಾರನ್ನೂ ಉಳಿಸಲಿಲ್ಲ.

ಬಾಗಿಲು ತೆರೆದಿದ್ದರೆ ಕಳ್ಳನೂ ಬರುತ್ತಾನೆ. ಒಮ್ಮೆ ರೂಟ್ ಅಧಿಕಾರ ಕೈವಶವಾದರೆ ದಾಳಿಕೋರ ತನ್ನ ಮಾಡ್ಯೂಲನ್ನು ಲೋಡ್ ಮಾಡಿ ಕರ್ನಲ್ಲಿನೊಳಗೇ ಅಡಗಿಕೊಳ್ಳುವುದು ಹಳೆಯ ತಂತ್ರ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯವರು 2015ರ 5.7 ಆವೃತ್ತಿಯಲ್ಲಿ ಮಾಡ್ಯೂಲ್ ಸೌಲಭ್ಯವನ್ನೇ ಕಿತ್ತುಹಾಕಿದರು. ಲಿನಕ್ಸ್ ಅಷ್ಟು ನಿಷ್ಠುರವಾಗದೆ, ಸಹಿಯಿಲ್ಲದ ಮಾಡ್ಯೂಲನ್ನು ನಿರಾಕರಿಸುವ ಏರ್ಪಾಡನ್ನು 2012ರಲ್ಲಿ ಸೇರಿಸಿಕೊಂಡಿತು.

ಇಷ್ಟಾದರೂ ಮಾಡ್ಯೂಲ್ ಪರವಾಗಿ ನನ್ನನ್ನು ಒಪ್ಪಿಸುವ ವಾದ ಬಂದದ್ದು ಫೋನುಗಳ ಕಡೆಯಿಂದ. ಚಿಪ್ ಕಂಪನಿ ಕರ್ನಲ್ಲನ್ನು ತನಗೆ ಬೇಕಾದಂತೆ ತಿದ್ದುತ್ತಿತ್ತು, ಫೋನ್ ಕಂಪನಿ ಅದರ ಮೇಲೆ ಇನ್ನಷ್ಟು ತಿದ್ದುತ್ತಿತ್ತು. ಮೂಲದಲ್ಲಿ ಸರಿಪಡಿಸಿದ ಭದ್ರತಾ ದೋಷ ಬಳಕೆದಾರರ ಕೈಗೆ ತಲುಪುವಷ್ಟರಲ್ಲಿ ಕಾಲ ಕಳೆದಿರುತ್ತಿತ್ತು. ಆಂಡ್ರಾಯ್ಡ್ 12ರ ಹೊತ್ತಿಗೆ, 5.10 ಕರ್ನಲ್ಲಿನೊಂದಿಗೆ ಬರುವ ಹೊಸ ಫೋನುಗಳಿಗೆ ಗೂಗಲ್ ಒಂದೇ ಸಾಮಾನ್ಯ ಕರ್ನಲ್ಲನ್ನು ಗೊತ್ತುಮಾಡಿತು. ಚಿಪ್ಪಿಗೆ ಸಂಬಂಧಿಸಿದ್ದೆಲ್ಲ ಮಾಡ್ಯೂಲ್‌ಗಳಿಗೆ ಹೋಗಬೇಕು, ಕರ್ನಲ್ ಮತ್ತು ಮಾಡ್ಯೂಲ್ ನಡುವಿನ ಒಪ್ಪಂದ ಬದಲಾಗಕೂಡದು. ಮೆಮೊರಿಯಲ್ಲಿ ಇಲ್ಲೂ ಗೋಡೆಯಿಲ್ಲ. ಆದರೆ ಯಾರ ತಪ್ಪನ್ನು ಯಾರು ತಿದ್ದಬೇಕು ಎಂಬುದಕ್ಕೆ ಗಡಿಕಲ್ಲು ನೆಟ್ಟಂತಾಯಿತು.

ಆದರೆ ಇಂಥ ಕಾರಣವಿಲ್ಲದ, ಹಾರ್ಡ್‌ವೇರ್ ಎಂದೂ ಬದಲಾಗದ ರೌಟರಿಗೋ ಕಾರ್ಖಾನೆಯ ನಿಯಂತ್ರಕಕ್ಕೋ ‘ಎಂ’ ಎನ್ನುವುದು ಬರೀ ಸೋಮಾರಿತನ ಎಂದೇ ನನ್ನ ಮತ. ಏನಿದೆಯೆಂದು ಗೊತ್ತಿದ್ದೂ ನಿರ್ಧರಿಸದಿರುವುದೇಕೆ? ಸರ್ವರ್ ಇಂಥ ಯಂತ್ರಕ್ಕೂ ಯಾರದೋ ಲ್ಯಾಪ್‌ಟಾಪಿಗೂ ನಡುವೆ ನಿಲ್ಲುತ್ತದೆ. ಅದಕ್ಕೆ 2009ರಿಂದ ಕರ್ನಲ್ಲಿನಲ್ಲಿರುವ ಒಂದು ಸ್ವಿಚ್ಚು ಸಾಕು: ಬೂಟ್ ಮುಗಿದು ಬೇಕಾದ ಡ್ರೈವರ್‌ಗಳೆಲ್ಲ ಒಳಬಂದ ಮೇಲೆ ಮಾಡ್ಯೂಲ್ ಲೋಡ್ ಮಾಡುವುದನ್ನೇ ನಿಲ್ಲಿಸಿಬಿಡಬಹುದು, ಮತ್ತೆ ಬೂಟ್ ಮಾಡುವವರೆಗೆ ರೂಟ್ ಬಳಕೆದಾರ ಹೇಳಿದರೂ ಅದು ತಿರುಗುವುದಿಲ್ಲ. ಆಮೇಲೆ ಯಾರಾದರೂ ಹೊಸ ಸಾಧನ ತಂದು ಚುಚ್ಚಿದರೆ, ಅದರ ಡ್ರೈವರ್ ಮೊದಲೇ ಒಳಗಿಲ್ಲದಿದ್ದರೆ, ಅದು ಕೆಲಸ ಮಾಡದು. ಸರ್ವರ್ ಕೋಣೆಯಲ್ಲಿ ಅದನ್ನು ದೋಷವೆಂದು ಬಗೆಯಬೇಕಾಗಿಲ್ಲ.