ಸೀರೆ ಗಾರ್ಡು ಮಾತ್ರ ಬಿಚ್ಚಬೇಡ್ರಪ್ಪ

ಹಳೇ ಮೋಟರ್‌ಬೈಕು ಬಿಚ್ಚಿ ಹರಡ್ಕಂಡು ಕೂತಿರೋ ಗಂಡುಮಕ್ಕಳನ್ನ ಬೈಯೋದನ್ನ ನಾವು ಬಿಡ್ಬೇಕು ಕಣ್ರಮ್ಮ. ಆದ್ರೆ ಅದನ್ನೇ ಕೊಯ್ದು ಇನ್ನೇನೋ ಮಾಡ್ತೀನಿ ಅಂತ ಹೊರಟ್ರೆ ಮಾತ್ರ ಸುಮ್ನಿರಬಾರ್ದು. ಎರಡೂ ಮಾತನ್ನ ನಾನು ಒಂದೇ ಬಾಯಲ್ಲಿ ಹೇಳ್ತೀನಿ, ಯಾಕೆ ಅಂತ ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ. ಹೋದ ಸಲ ಹಲಸಿನ ಬೀಜದ ಸಾರು ಬರ್ದಾಗ ಎಲ್ರೂ ಮೆಚ್ಕಂಡ್ರಿ. ಈ ಸಲ ಗ್ರೀಸು, ಪೆಟ್ರೋಲು. ಮೂಗು ಮುಚ್ಕಂಡಾದ್ರೂ ಓದಿ.

ನಮ್ಮನೆ ಯೆಜ್ಡಿ ನಿಮ್ಗೆಲ್ಲ ಗೊತ್ತಲ್ಲ. ಮಾವನೋರು 1984ರಲ್ಲಿ ಕೊಬ್ರಿ ಮಾರಿದ ದುಡ್ಡಲ್ಲಿ ತಗಂಡಿದ್ದು. ಅವ್ರು ಹೋದ್ಮೇಲೆ ನಮ್ಮ ಯಜಮಾನ್ರು ಸ್ವಲ್ಪ ದಿನ ಓಡಿಸಿದ್ರು. ಆಮೇಲೆ ಅದು ಕೊಬ್ರಿ ಅಟ್ಟದ ಮನೇಲಿ ಗೋಣಿಚೀಲ ಹೊದ್ಕಂಡು ನಿಂತಿದ್ದು ನಿಂತಂಗೇ. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡ್ತಿತ್ತು. ಗುಜರಿಯೋರು ಎಷ್ಟು ಸಲ ಕೇಳವ್ರೆ, ಕೆ.ಜಿ. ಲೆಕ್ಕದಲ್ಲಿ. ಈಗ ಒಂದೂವರೆ ವರ್ಷದಿಂದ ನಮ್ಮ ಚಿಕ್ಕೋನು ಬೆಂಗಳೂರಿಂದ ಶನಿವಾರ ಬಂದು, ಭಾನುವಾರ ರಾತ್ರಿವರೆಗೂ ಅದ್ರ ಮುಂದೆ ಕುಂತಿರ್ತಾನೆ. ಅವನ ಅಕ್ಕ ಬಂದಾಗ ಅವಳೂ ಕುಂತ್ಕತಾಳೆ. ಸ್ಪ್ಯಾನರ್ ಎತ್ಕೊಡಕ್ಕೆ ಅಲ್ಲ, ಕಾರ್ಬೊರೇಟರ್ ಬಿಚ್ಚಿ ತೊಳ್ಯೋದು ಅವಳ ಪಾಲು.

ಮೊದ್ಲು ಬೈಯೋ ವಿಷ್ಯಕ್ಕೆ ಬರಾಣ. ನಮ್ಮ ಓರಗಿತ್ತಿ, ಎದುರು ಮನೆ ಅಕ್ಕ, ತುರುವೇಕೆರೆ ಚಿಕ್ಕಮ್ಮ, ಎಲ್ರದೂ ಒಂದೇ ಮಾತು: 'ಇಷ್ಟು ದುಡ್ಡು ಸುರಿಯೋ ಬದ್ಲು ಕಂತಿನಲ್ಲಿ ಹೊಸದು ತಗೋಬಾರ್ದಾ?' ಲೆಕ್ಕ ನನ್ನ ಹತ್ರಾನೂ ಐತೆ. ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರ್ದಿಡ್ತಾ ಬಂದಿದೀನಿ. ಇಲ್ಲಿವರ್ಗೂ 38,000 ಚಿಲ್ಲರೆ ಆಗೈತೆ. 2024ರಲ್ಲಿ ಉಂಡೆ ಕೊಬ್ರಿಗೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಆ ಲೆಕ್ಕ ಹಿಡಿದ್ರೆ ಮೂರು ಕ್ವಿಂಟಾಲಿನ ಮೇಲಾಯ್ತು. ಕಮ್ಮಿ ದುಡ್ಡಲ್ಲ, ಒಪ್ತೀನಿ. ಆದ್ರೆ ಹೊಸ ಬೈಕಿನ ಕಂತು ಕಟ್ಟಿದ್ರೆ ಹುಡುಗನಿಗೆ ಬರೋದು ಬೈಕು ಮಾತ್ರ. ಇಲ್ಲಿ ಅವನು ಕಲ್ತಿದ್ದೆಷ್ಟು ಅಂತ ಒಂದಿನ ಬಂದು ನೋಡಿ.

ನಾನು ನೋಡಿದ್ದನ್ನ ಹೇಳ್ತೀನಿ. ಮೊದಲ ದಿನ ಕಿಕ್ಕರ್ ಅಲ್ಲಾಡ್ಲೇ ಇಲ್ಲ. ಅಂದಂಗೆ ಯೆಜ್ಡಿಗೆ ಕಿಕ್ಕರು, ಗೇರು ಎರಡೂ ಒಂದೇ ಸರಳು, ಸ್ಟಾರ್ಟ್ ಆದ್ಮೇಲೆ ಅದನ್ನೇ ಮುಂದಕ್ಕೆ ತಂದು ಗೇರು ಹಾಕೋದು. ಗೊತ್ತಿಲ್ಲದ ಕಳ್ಳ ಕದ್ರೂ ಓಡ್ಸಕ್ಕಾಗಲ್ಲ ಅಂತಿದ್ರು ಮಾವನೋರು. ಇರ್ಲಿ, ಒಳಗೆ ಪಿಸ್ಟನ್ ತುಕ್ಕು ಹಿಡಿದು ಬೋರಿಗೆ ಕಚ್ಕಂಡಿತ್ತು. ಸುತ್ತಿಗೆ ತಗಂಡು ಹೊಡ್ಯಕ್ಕೆ ಹೋದ ನಮ್ಮ ಯಜಮಾನ್ರನ್ನ ಮಗ ತಡೆದ. ಮೇಲಿಂದ ಡೀಸೆಲ್ ಬಿಟ್ಟು ಒಂದು ವಾರ ಹಂಗೇ ಬಿಟ್ವಿ. ಮುಂದಿನ ಶನಿವಾರ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದ್ರೆ ಇಳೀತು. ಕಾಯ್ಬೇಕು ಅಂತ ಈ ಕಾಲದ ಮಕ್ಕಳಿಗೆ ನಾವು ಬಾಯಲ್ಲಿ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ, ಒಂದು ಲೋಟ ಡೀಸೆಲ್ ಹೇಳಿಕೊಡ್ತು.

ಆಮೇಲೆ ಬೋರು. ಒರಳಲ್ಲಿ ರುಬ್ಬಿ ರುಬ್ಬಿ ಕಲ್ಲೂ ಗುಂಡೂ ಸವೆದು ನಡುವೆ ಸಂದಾಗುತ್ತಲ್ಲ, ಅದೇ ಕಥೆ. ಪಿಸ್ಟನ್ ಓಡಾಡಿ ಓಡಾಡಿ ಸಿಲಿಂಡರ್ ಗೋಡೆ ಸವೆದಿರುತ್ತೆ. ಲೇತಿನವ್ರ ಹತ್ರ ಅದನ್ನ ಒಂದು ಚೂರು ಅಗಲ ಕೊರೆಸಿ, ಅಷ್ಟೇ ದಪ್ಪದ ಪಿಸ್ಟನ್, ಹೊಸ ರಿಂಗು ಹಾಕ್ಬೇಕು. ಹಿಂಗೆ ಕೆಲವು ಸಲ ಮಾತ್ರ ಮಾಡ್ಬೋದು, ಗೋಡೆ ತೆಳ್ಳಗಾದ್ರೆ ಹೊಸ ಸ್ಲೀವೇ ಕೂರಿಸ್ಬೇಕು. ಕ್ರ್ಯಾಂಕಿನ ಬೇರಿಂಗು ಹೋಗಿತ್ತು. ವೈರಿಂಗನ್ನ ಇಲಿ ತಿಂದಿದ್ವು. ಟ್ಯಾಂಕಿನೊಳಗಿನ ತುಕ್ಕಿಗೆ ಸಣ್ಣ ಸಣ್ಣ ನಟ್ಟು ಹಾಕಿ, ಸೀಮೆಎಣ್ಣೆ ಬಿಟ್ಟು, ಅಣ್ಣ ತಂಗಿ ಮಕ್ಕಳೆಲ್ಲ ಸೇರಿ ತೊಟ್ಲು ತೂಗಿದಂಗೆ ತೂಗಿದ್ರು. ಸೈಲೆನ್ಸರ್ ಕಥೆಯಂತೂ ಕೇಳ್ಬೇಡಿ. ಇದು ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೇ ಎಣ್ಣೆ ಬೆರೆಸ್ಬೇಕು, ಬೆರೆಸದೆ ಓಡಿಸಿದ್ರೆ ಎಂಜಿನ್ ಹಿಡ್ಕಂಡ್ಬಿಡುತ್ತೆ. ಆ ಎಣ್ಣೆ ಸುಟ್ಟ ಮಸಿಯೆಲ್ಲ ಸೈಲೆನ್ಸರ್ ಒಳಗೆ ಅಂಟ್ಕಂಡು ಗಾಡಿಗೆ ಉಸಿರು ಕಟ್ಟುತ್ತೆ. ಯೆಜ್ಡಿಗೆ ಎರಡೆರಡು ಸೈಲೆನ್ಸರು ಬೇರೆ. ಒಳಗಿನ ಕೊಳವೆ ಎಳೆದು ನನ್ನ ಬಚ್ಚಲೊಲೆಗೇ ಹಾಕಿ ಸುಟ್ಟ ಮಹರಾಯ. ಅವತ್ತು ಸ್ನಾನ ಮಾಡಿದೋರೆಲ್ಲ ಗ್ಯಾರೇಜಿನ ವಾಸ್ನೆ ಹೊಡೀತಿದ್ರು.

ಸಾಮಾನಿಗೆ ಅಲೆದಿದ್ದು ಇನ್ನೊಂದು. ಈ ಗಾಡಿ ಎಲ್ಲೋ ಪರದೇಶದ್ದಲ್ಲ, ನಮ್ಮ ಮೈಸೂರಲ್ಲೇ ಹುಟ್ಟಿದ್ದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಜಾವಾ ಬೈಕು ಬರಕ್ಕೆ ಶುರುವಾಯ್ತು, 1973ರಿಂದ ಯೆಜ್ಡಿ ಅಂತ ಹೆಸ್ರಾಯ್ತು, 1996ರಲ್ಲಿ ಬಾಗ್ಲು ಮುಚ್ತು. ಜಾವಾ ಅನ್ನೋದು ಚೆಕ್ ದೇಶದ ಕಂಪನಿ, ಯಾನೆಚೆಕ್ ಅನ್ನೋನ ಹೆಸ್ರಿನ ಮೊದಲೆರಡು ಅಕ್ಷರ, ವಾಂಡರರ್ ಅನ್ನೋ ಜರ್ಮನ್ ಬೈಕಿನ ಹೆಸ್ರಿನ ಮೊದಲೆರಡು ಅಕ್ಷರ ಸೇರಿಸಿ ಇಟ್ಟಿದ್ದಂತೆ. ನಾನು ಇಷ್ಟು ದಿನ ಜಾವಾ ದ್ವೀಪದಿಂದ ಬಂದಿದ್ದು ಅಂತಲೇ ಮಾತಾಡೋರನ್ನ ಕೇಳಿದ್ದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಅಂತ ಅದೇ ಹೆಸ್ರಲ್ಲಿ ಹೊಸ ಬೈಕುಗಳು ಬಂದವ್ರೆ ಅಂತ ಅಂಗಡಿಯೋರು ತೋರಿಸ್ತಾರೆ, ಆದ್ರೆ ಅದ್ರ ಸಾಮಾನು ಇದಕ್ಕೆ ಕೂರಲ್ಲ. ಅದು ಬೇರೆ ಎಂಜಿನ್ನು. ಹಂಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಹಳೇ ಮೆಕ್ಯಾನಿಕ್‌ಗಳು, ಇವರನ್ನೆಲ್ಲ ಸುತ್ತಿ ಒಂದೊಂದೇ ತಂದ. ವಯಸ್ಸಾದ ಮೇಸ್ತ್ರಿಗಳ ಹತ್ರ ಕುಂತು ಮಾತಾಡೋದು ಕಲ್ತ. 'ಸಾರ್' ಅಂತ ಶುರು ಮಾಡಿದೋನು ಈಗ 'ಯಜಮಾನ್ರೇ, ಊಟ ಆಯ್ತಾ' ಅಂತಾನೆ. ಇದಕ್ಕೆ ಎಷ್ಟು ಕ್ವಿಂಟಾಲ್ ಕೊಬ್ರಿ ಬೆಲೆ ಕಟ್ತೀರಿ ಹೇಳಿ?

ಇನ್ನು ಹೆಣ್ಣುಹುಡುಗಿ ಕೈಗೆ ಗ್ರೀಸ್ ಅಂಟಿದ್ದಕ್ಕೆ ಮಾತಾಡಿದೋರಿಗೆ ನಾನು ಉತ್ತರ ಕೊಡಲ್ಲ. ಸೋಪಿನ ಪುಡಿ ಹಾಕಿ ತಿಕ್ಕಿದ್ರೆ ಹೋಗುತ್ತೆ.

ಇಲ್ಲಿವರ್ಗೂ ನಾನು ಮಗನ ಕಡೆ. ಈಗ ಆ ಕಡೆ ಬರ್ತೀನಿ.

ಹೋದ ತಿಂಗಳು ಫೋನಲ್ಲಿ ಒಂದು ಚಿತ್ರ ತೋರ್ಸಿದ. ಬೈಕಿನ ಹಿಂದಿನ ಭಾಗ ಅರ್ಧಕ್ಕೆ ಕೊಯ್ದು, ಒಬ್ಬರು ಕೂರೋ ಗುಬ್ಬಚ್ಚಿ ಗೂಡಿನಷ್ಟು ಸೀಟು, ದಪ್ಪ ಟೈರು, ಚೈನ್ ಕವರ್ ಇಲ್ಲ, ಮಡ್‌ಗಾರ್ಡ್ ಇಲ್ಲ. 'ಅಮ್ಮ, ಹಿಂಗೆ ಮಾಡ್ತೀನಿ, ಸಖತ್ತಾಗಿರುತ್ತೆ' ಅಂದ. ನಾನು ಕೇಳಿದ್ದು ಒಂದೇ ಮಾತು: 'ನಾನೆಲ್ಲಿ ಕೂತ್ಕಳ್ಳಲಿ?'

ಅವನಿಗೆ ಅರ್ಥ ಆಗ್ಲಿಲ್ಲ. ನಿಮ್ಗಾದ್ರೂ ಆಗುತ್ತೆ. ಆ ಗಾಡಿ ಮಾವನೋರದ್ದು ಅಂತ ಎಲ್ರೂ ಹೇಳ್ತೀವಿ, ಆರ್‌ಸಿ ಪುಸ್ತಕದಲ್ಲೂ ಅವರದೇ ಹೆಸ್ರು. ಆದ್ರೆ ಅದ್ರ ಮೇಲೆ ಓಡಾಡಿದ್ದು ಅವ್ರೊಬ್ರೇನಾ? ಅತ್ತೆಮ್ಮನ್ನ ಕುಪ್ಪೂರು ಮಠಕ್ಕೆ ಕರ್ಕಂಡು ಹೋಗಿದ್ದು ಅದ್ರ ಮೇಲೆ. ನನ್ನ ಮಗಳು ಹುಟ್ಟೋ ದಿನ ಬೆಳಗಿನ ಜಾವ ಬಸ್ಸಿಲ್ಲ, ಕಾರು ಯಾರ ಮನೇಲೂ ಇಲ್ಲ. ತಿಪಟೂರಿನ ಆಸ್ಪತ್ರೆಗೆ ಹೋಗಿದ್ದು ಅದ್ರ ಮೇಲೆ. ಮುಂದೆ ಯಜಮಾನ್ರು, ಹಿಂದೆ ನನ್ನ ಹಿಡ್ಕಂಡು ಅತ್ತೆಮ್ಮ, ಮಧ್ಯೆ ನಾನು. ಅಷ್ಟು ಉದ್ದದ ಸೀಟಿತ್ತು, ಒಂದು ಕಡೆ ಕಾಲಿಡಕ್ಕೆ ಅಗಲದ ಹಲಗೆ ಇತ್ತು, ಹಿಡ್ಕಳಕ್ಕೆ ಕಂಬಿ ಇತ್ತು, ಚಕ್ರಕ್ಕೆ ಸೀರೆ ಗಾರ್ಡಿತ್ತು, ಚೈನು ಪೂರ್ತಿ ಡಬ್ಬದೊಳಗಿತ್ತು. ಇಷ್ಟೂ ನಮಗೋಸ್ಕರ ಇರೋ ಸಾಮಾನು. ಗಾಡಿ ಓಡ್ಸೋನಿಗೆ ಇದ್ರಲ್ಲಿ ಒಂದೂ ಬೇಕಾಗಿಲ್ಲ. ಅದಕ್ಕೇ ಗಾಡಿ 'ಚಂದ' ಮಾಡಕ್ಕೆ ಹೊರಟಾಗ ಮೊದ್ಲು ಕಳಚೋದೂ ಇವನ್ನೇ!

ಸೀರೆ ಗಾರ್ಡು ಹಳೇ ಕಾಲದ ಅಲಂಕಾರ ಅಂತ ತಿಳ್ಕಂಡವ್ರೆ ಹುಡುಗ್ರು. ಕೇಂದ್ರ ಮೋಟಾರು ವಾಹನ ನಿಯಮ ಅಂತ 1989ರದ್ದು ಐತೆ, ಅದ್ರ 123ನೇ ನಿಯಮ ಇದಕ್ಕೇ ಇರೋದು. ಹಿಂದೆ ಕೂರೋರಿಗೆ ಹಿಡ್ಕಳಕ್ಕೆ ಗಟ್ಟಿ ಹಿಡಿ, ಕಾಲಿಡಕ್ಕೆ ಜಾಗ, ಬಟ್ಟೆ ಸಿಕ್ಕಾಕ್ಕಳ್ದಂಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ದಂಗೆ ಮುಚ್ಚೋ ತಡೆ, ಮೂರೂ ಇರ್ಲೇಬೇಕು. ಮಗಳು ಓದಿ ಹೇಳಿದ್ಲು. ಕಾನೂನು ಬರೆದೋರಿಗೂ ನಮ್ಮ ಸೆರಗು ನೆನಪಿತ್ತಲ್ಲ ಅಂತ ಖುಷಿಯಾಯ್ತು. ಈಗ ಹೊಸ ಬೈಕು ತಂದ ಮಾರನೇ ದಿನವೇ ಅದನ್ನ ಬಿಚ್ಚಿಸಿ ಹಾಕ್ತಾರೆ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳು, ಹೆಸ್ರು ಬೇಡ, ಅಂಥ ಬೈಕಿನ ಹಿಂದೆ ಕೂತು ಜಾತ್ರೆಗೆ ಹೊರಟೋಳು. ವೇಲು ಚಕ್ರಕ್ಕೆ ಸುತ್ಕಂಡು ಕತ್ತು ಹಿಡ್ದು ಎಳೆದು ಬೀಳಿಸ್ತು. ಉಳ್ಕಂಡ್ಲು, ಆದ್ರೆ ಇವತ್ತಿಗೂ ಕತ್ತು ಪೂರ್ತಿ ತಿರುಗಲ್ಲ. ಗಾಡಿ ಓಡಿಸ್ತಿದ್ದ ಗಂಡನಿಗೆ ಒಂದು ತರಚು ಗಾಯಾನೂ ಇಲ್ಲ.

ಕೊಯ್ಯೋದ್ರಲ್ಲಿ ಇನ್ನೊಂದು ನಷ್ಟ ಐತೆ, ಇದನ್ನ ಮಗನಿಗೆ ಹೇಳಿದ್ಮೇಲೆ ಸ್ವಲ್ಪ ತಣ್ಣಗಾದ. 2021ರಲ್ಲಿ ಸರ್ಕಾರ ಹಳೇ ಗಾಡಿಗಳಿಗೆ ವಿಂಟೇಜ್ ಅಂತ ಬೇರೆ ನೋಂದಣಿ ಮಾಡಿಕೊಡೋ ನಿಯಮ ತಂತು. ಗಾಡಿಗೆ 50 ವರ್ಷ ದಾಟಿರ್ಬೇಕು, ಛಾಸಿ, ಬಾಡಿ, ಎಂಜಿನ್ನು ದೊಡ್ಡದಾಗಿ ಬದಲಾಯಿಸದೆ ಮೊದ್ಲಿನ ರೂಪದಲ್ಲೇ ಇರ್ಬೇಕು. ನಮ್ಮದಕ್ಕೆ 50 ತುಂಬೋದು 2034ಕ್ಕೆ. ಇವತ್ತು ಛಾಸಿಗೆ ಗರಗಸ ಹಾಕಿದ್ರೆ ಅವತ್ತು ಅದು ವಿಂಟೇಜೂ ಅಲ್ಲ, ಹೊಸದೂ ಅಲ್ಲ. ಅಲ್ಲೀವರ್ಗೂ ಓಡಿಸ್ಬೇಕು ಅಂದ್ರೆ ಮಾಮೂಲಿ ದಾರಿ: 15 ವರ್ಷ ದಾಟಿದ ಗಾಡಿ ಅಂತ ಆರ್‌ಟಿಒಗೆ ತಗಂಡು ಹೋಗಿ ತೋರಿಸ್ಬೇಕು, ಐದೈದು ವರ್ಷಕ್ಕೆ ನವೀಕರಣ. ಛಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ತಾಳೆಯಾಗ್ಬೇಕು. ಕಂಪನಿ ಮಾಡಿದ ರೂಪನ ನಮ್ಮಿಷ್ಟಕ್ಕೆ ಬದಲಾಯಿಸಂಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತೆ, 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೂ 5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು. ಆ ಚಿತ್ರದಲ್ಲಿದ್ದ ಗಾಡಿಗೆ ಬದಲಾವಣೆ ಎಣಿಸಿದ್ರೆ ನಮ್ಮ ಅಟ್ಟದ ಕೊಬ್ರಿ ಸಾಕಾಗಲ್ಲ. ಸದ್ದು ಮಾಡೋ ಸೈಲೆನ್ಸರ್‌ಗಳನ್ನ ಬೆಂಗಳೂರಲ್ಲಿ ಪೊಲೀಸ್ರು ಸಾಲಾಗಿ ಜೋಡ್ಸಿ ರೋಡ್ ರೋಲರ್ ಹತ್ತಿಸಿದ್ದನ್ನ ಟಿ.ವಿ.ಲಿ ನೀವೂ ನೋಡಿರ್ತೀರಿ.

ಹಂಗಂತ ಏನೂ ಬದಲಾಯಿಸ್ಬಾರ್ದು ಅಂತ ಹಟ ಹಿಡ್ದಿಲ್ಲ. ಹೆಡ್‌ಲೈಟಿನ ಬೆಳಕು ಮಿಣುಕು ಹುಳದಂಗೆ, ಅದಕ್ಕೊಂದು ಒಳ್ಳೇ ಬಲ್ಬು ಹಾಕ್ಲಿ. ಬ್ರೇಕಿನ ಲೈನಿಂಗ್ ಹೊಸದಾಗ್ಲಿ, ಕನ್ನಡಿ ಎರಡೂ ಕಡೆ ಇರ್ಲಿ. ಬಣ್ಣ ಅವನಿಗೆ ಬಿಟ್ಟಿದ್ದೆ, ಮೊದ್ಲಿದ್ದ ಮರೂನೇ ಬೇಕು ಅಂತ ಅವನೇ ಅಂದ. ಹೆಲ್ಮೆಟ್ಟು ಇಬ್ರಿಗೂ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂರೋರಿಗೂ ಕಡ್ಡಾಯ ಆಗೈತೆ, ಮುಡಿಗೆ ಹೂ ಮುಡ್ಕಂಡೀವಿ ಅಂತ ನೆಪ ಹೇಳ್ಬೇಡಿ.

ಮನೇಲಿ ಇಂಥ ಕೆಲ್ಸ ನಡೀತಿರೋರು ಒಂದು ವಿಷ್ಯದಲ್ಲಿ ಮಾತ್ರ ಗಂಡನ ಮಾತೂ ಕೇಳ್ಬೇಡಿ, ಮಗನ ಮಾತೂ ಕೇಳ್ಬೇಡಿ. ನಮ್ಮ ಕಡೆ ಗ್ಯಾರೇಜು ಅಂದ್ರೆ ಕೊಬ್ರಿ ಅಟ್ಟದ ಕೆಳಗಿನ ಜಾಗವೇ. ಮೇಲೆ ಹತ್ತು ಹನ್ನೊಂದು ತಿಂಗಳಿಂದ ಒಣಗ್ತಿರೋ ಕಾಯಿ, ಮೂಲೇಲಿ ಮಟ್ಟೆ, ಸೋಗೆ. ಅದ್ರ ಕೆಳಗೆ ಪೆಟ್ರೋಲಲ್ಲಿ ಸಾಮಾನು ತೊಳ್ಯೋದು ಅಂದ್ರೆ ವರ್ಷದ ಅನ್ನಕ್ಕೆ ಕಡ್ಡಿ ಗೀರಿದಂಗೆ. ಪೆಟ್ರೋಲಿನ ಹಬೆ ಕಣ್ಣಿಗೆ ಕಾಣಲ್ಲ, ನೆಲದ ಮೇಲೇ ಹರಿದು ಒಲೆವರ್ಗೂ ಹೋಗುತ್ತೆ. ನಮ್ಮನೇಲಿ ಪೆಟ್ರೋಲು, ವೆಲ್ಡಿಂಗು ಎರಡೂ ಅಂಗಳದಾಚೆ ಹುಣಸೆ ಮರದ ಹತ್ರ. ಟ್ಯಾಂಕು ಖಾಲಿ ಮಾಡ್ದೆ ಗಾಡಿ ಒಳಗೆ ಬರಂಗಿಲ್ಲ. ಎಣ್ಣೆ ಒರೆಸಿದ ಬಟ್ಟೆ ಅವತ್ತವತ್ತೇ ಆಚೆ. ತೊಳ್ದ ನೀರು ತೆಂಗಿನ ಬುಡಕ್ಕೆ ಬಿಡಂಗಿಲ್ಲ. ಮೊಮ್ಮಕ್ಕಳು ಬಂದ ದಿನ ಪೆಟ್ರೋಲು ಸೀಮೆಎಣ್ಣೆ ಡಬ್ಬ ಮೇಲಿನ ಗೂಡಿಗೆ, ನೀರಿನ ಬಾಟ್ಲಿಲಿ ಅಂತೂ ಯಾವತ್ತೂ ತುಂಬಿಡಂಗಿಲ್ಲ.

ಈಗ ಎಂಜಿನ್ ಕೂತೈತೆ, ಹೋದ ಭಾನುವಾರ ಏಳನೇ ಕಿಕ್ಕಿಗೆ ಸ್ಟಾರ್ಟೂ ಆಯ್ತು. ಹೊಗೆ ನೋಡಿ ಪಕ್ಕದ ಮನೆಯೋರು ಸೊಳ್ಳೆ ಔಷಧಿ ಹೊಡ್ಯೋರು ಬಂದ್ರು ಅಂತ ಕಿಟಕಿ ಹಾಕ್ಕಂಡ್ರು. ಛಾಸಿ ಕೊಯ್ಯೋ ಮಾತು ಸದ್ಯಕ್ಕೆ ನಿಂತೈತೆ, ಪೂರ್ತಿ ಬಿಟ್ಟಿಲ್ಲ, ಮದುವೆ ಆಗಲಿ ಆಮೇಲೆ ನೋಡಾಣ ಅಂತಾನೆ. ಬರೋ ಸೊಸೆ ಜೀನ್ಸ್ ಹಾಕೋಳಾದ್ರೂ ಅವಳಿಗೂ ಕೂರಕ್ಕೆ ಜಾಗ ಬೇಕಲ್ಲ ಅಂತ ಯಜಮಾನ್ರು ಮೊದಲ ಸಲ ನನ್ನ ಪರ ಮಾತಾಡವ್ರೆ.

ಒಂದು ಸಹಾಯ ಕೇಳ್ಬೇಕಿತ್ತು. ನಮ್ಮ ಸೀರೆ ಗಾರ್ಡಿನ ಕಂಬಿ ಎರಡು ಕಡೆ ತುಕ್ಕು ತಿಂದು ಮುರ್ದೈತೆ, ಹೆಂಗಸರು ಕಾಲಿಡೋ ಹಲಗೆಯಂತೂ ಇಲ್ವೇ ಇಲ್ಲ, ಯಾವಾಗ್ಲೋ ಗುಜರಿಗೆ ಹೋಗಿರ್ಬೇಕು. ಹುಳಿಯಾರು, ಹೊನ್ನವಳ್ಳಿ, ನೊಣವಿನಕೆರೆ ಕಡೆ ನಿಮ್ಮ ತವರುಮನೆ ಅಟ್ಟದಲ್ಲಿ ಹಳೇ ಯೆಜ್ಡಿದು ಏನಾದ್ರೂ ಬಿದ್ದಿದ್ರೆ ಗುಜರಿಗೆ ಹಾಕೋ ಮುಂಚೆ ನಂಗೊಂದು ಮಾತು ಹೇಳಿ. ಬಂದು ತಗಂಡು ಹೋಗ್ತೀವಿ, ಬರ್ತಾ ಒಂದು ಡಬ್ಬ ಕೊಬ್ರಿ ಮಿಠಾಯಿ ತರ್ತೀನಿ.